ಕಂಪೆನಿ ಚೇತರಿಸಿಕೊಂಡಿತು, ಬೆಟ್ಟ?

ಕುದುರೆಮುಖ ಕಬ್ಬಿಣ ಅದಿರು ಕಂಪೆನಿಯು ನಷ್ಟದಿಂದ ಚೇತರಿಸಿಕೊಳ್ಳಬೇಕಾದರೆ ಸಂಡೂರಿನ ದೇವದಾರಿ ಬೆಟ್ಟವನ್ನು ಅದಕ್ಕೆ ಬಿಟ್ಟುಕೊಡಬೇಕೆಂಬ ವಾದವಿದೆ. ಬೆಟ್ಟ ದೂರದ್ದು, ನಮಗೇನು ಎಂದು ಕುಲಶೇಖರ, ಪಡೀಲು, ಜೋಕಟ್ಟೆಯವರು ಸುಮ್ಮನಿರುವಂತಿಲ್ಲ. ಈ ಕಂಪೆನಿ ಹಿಂದೆ ಹೇಗೆ ಚೇತರಿಸಿಕೊಂಡಿತೆಂಬುದನ್ನು ಹತ್ತಿರದಿಂದ ಕಂಡವರು ನಾವು.

1976ರಲ್ಲಿ ಅದು ಹುಟ್ಟಿದ್ದೇ ಇರಾನಿನ ಉಕ್ಕಿನ ಕಾರ್ಖಾನೆಗಳಿಗಾಗಿ. 63 ಕೋಟಿ ಡಾಲರ್ ಸಾಲ ಕೊಡಲೊಪ್ಪಿದ್ದ ಷಾನ ಸರಕಾರ 1979ರ ಕ್ರಾಂತಿಯಲ್ಲಿ ಉರುಳಿತು. ಗಣಿ ಸಿದ್ಧವಾಯಿತು, ಕೊಳ್ಳುವವರಿರಲಿಲ್ಲ. ಕಂಪೆನಿ ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಹುಡುಕಿತು. 1987ರಲ್ಲಿ ಪಣಂಬೂರಿನಲ್ಲಿ ಪೆಲೆಟ್ ಸ್ಥಾವರವನ್ನು ತೆರೆಯಿತು. ಇದರಲ್ಲಿ ಸಾಹಸವಿತ್ತು, ಅಲ್ಲಗಳೆಯುವುದಿಲ್ಲ. ಆದರೆ ಆ ಸಾಹಸದ ಖರ್ಚನ್ನು ಭರಿಸಿದವರಾರು? ಕುದುರೆಮುಖದ್ದು ಕಬ್ಬಿಣಾಂಶ ಕಡಿಮೆಯಿರುವ ಅದಿರು. ಸುಮಾರು ಮೂರು ಟನ್ ಅಗೆದರೆ ಒಂದು ಟನ್ ಮಾಲು. ಉಳಿದೆರಡು ಟನ್ ಲಕ್ಯಾ ಅಣೆಕಟ್ಟಿನ ಹಿಂದೆ ಹೂಳಾಗಿ ನಿಂತಿತು. ವಿದೇಶದ ಗಿರಾಕಿ ಹಣ ಕೊಟ್ಟು ಒಯ್ದದ್ದು ಒಂದು ಪಾಲನ್ನು, ಬಿಟ್ಟುಹೋದದ್ದು ಎರಡು ಪಾಲನ್ನು. ಗಣಿಯ ಕೆಮ್ಮಣ್ಣು ಮಳೆಗಾಲದಲ್ಲಿ ಭದ್ರೆಗೆ ಇಳಿಯಿತು. ಯಾವ ವಾರ್ಷಿಕ ಲೆಕ್ಕಪತ್ರದಲ್ಲಿ ಭದ್ರೆ ಸಾಲಗಾರಳೆಂದಾಗಲಿ, ಸಾಲ ಕೊಟ್ಟವಳೆಂದಾಗಲಿ ನಮೂದಾಗಿದ್ದಾಳೆ?

ಕೆ. ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪಿತ್ತು, 2005ರ ಕೊನೆಗೆ ಗಣಿ ನಿಂತಿತು. ಅಂದಿನಿಂದ ಪಣಂಬೂರಿನ ಸ್ಥಾವರಕ್ಕೆ ಛತ್ತೀಸಗಢದ ಬೈಲಾಡಿಲದ ಅದಿರು ವಿಶಾಖಪಟ್ಟಣದ ಮೂಲಕ ಹಡಗಿನಲ್ಲಿ ಬಂತು. 2008ರ ಜಾಗತಿಕ ಹಿಂಜರಿತದ ಮರುವರ್ಷವೇ ಊದುಕುಲುಮೆ ತಣ್ಣಗಾಯಿತು. ಕಾರ್ಮಿಕರ ಅನ್ನದ ಪ್ರಶ್ನೆ ಸಣ್ಣದಲ್ಲ. ಆದರೆ ಹೊರದೇಶದ ಮಾರುಕಟ್ಟೆಯ ಏರಿಳಿತಕ್ಕೆ ಕಟ್ಟಿಹಾಕಿದ ಅನ್ನವನ್ನು ಇನ್ನೊಂದು ಬೆಟ್ಟ ಎಷ್ಟು ವರ್ಷ ಕಾಪಾಡೀತು?

ಅದಿರು ಸಾಗುವ ದಾರಿಯದೂ ಒಂದು ಕಥೆಯಿದೆ. 2006ರಲ್ಲಿ ಸಕಲೇಶಪುರ ಘಾಟಿಯ ಬ್ರಾಡ್‌ಗೇಜ್ ಹಳಿ ಗೂಡ್ಸ್ ಗಾಡಿಗಳಿಗೆ ತೆರೆದ ಮೇಲೆ ಬಳ್ಳಾರಿಯ ಕಡೆಯ ಅದಿರು ಕುಲಶೇಖರದ ಸುರಂಗ ದಾಟಿಯೇ ಬಂದರಿಗೆ ಹೋಗತೊಡಗಿತು. ಹಳಿಗಾಗಿ ಕಡಿದ ಅದೇ ಗುಡ್ಡ 2019ರ ಆಗಸ್ಟ್‌ನಲ್ಲಿ ಪಡೀಲು–ಕುಲಶೇಖರ ನಡುವೆ ಕುಸಿದು, ಕೊಂಕಣ ಮಾರ್ಗದ ರೈಲುಗಳು ದಿನಗಟ್ಟಲೆ ನಿಂತವು. 2021ರ ಜುಲೈಯಲ್ಲಿ ಸುರಂಗದ ಬಳಿ ಮತ್ತೆ ಮಣ್ಣು ಜಾರಿತು. ಇದು ಕುದುರೆಮುಖ ಕಂಪೆನಿಯ ತಪ್ಪೆಂದು ನಾವು ಹೇಳುತ್ತಿಲ್ಲ. ಮುರಕಲ್ಲಿನ ಗುಡ್ಡವನ್ನು ಒಮ್ಮೆ ಕಡಿದರೆ ಅದು ಯಾವ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲೂ ಚೇತರಿಸಿಕೊಳ್ಳುವುದಿಲ್ಲ ಎಂಬುದಷ್ಟೇ ನಮ್ಮ ಮಾತು.

ದೇವದಾರಿಯಲ್ಲಿ ಕೇಳಿರುವುದು ಸುಮಾರು 400 ಹೆಕ್ಟೇರ್ ಕಾಡು, ಸುಮಾರು 99 ಸಾವಿರ ಮರ. ಕುದುರೆಮುಖದ ಬಾಕಿಯನ್ನು ತೀರಿಸದೆ ಈ ಭೂಮಿಯನ್ನು ಹಸ್ತಾಂತರಿಸಬಾರದೆಂದು 2024ರ ಜೂನ್‌ನಲ್ಲಿ ರಾಜ್ಯದ ಅರಣ್ಯ ಸಚಿವರೇ ಸೂಚಿಸಿದರು. ಅಪರೂಪಕ್ಕೆ ಸರಕಾರದ ಬಾಯಲ್ಲಿ ನಮ್ಮ ಮಾತು! ಅದು ಕಡತದಲ್ಲೇ ಕರಗಿಹೋಗದಂತೆ ಗ್ರಾಮಸಭೆಗಳು ಠರಾವು ಬರೆಯಲಿ, ಕಾಲೇಜುಗಳ ವಿದ್ಯಾರ್ಥಿಗಳು ಲಕ್ಯಾದ ಹೂಳಿನ ಲೆಕ್ಕವನ್ನು ಮಾಹಿತಿ ಹಕ್ಕಿನಡಿ ಕೇಳಲಿ. ಉತ್ತರ ಬರುವ ತನಕ ದೇವದಾರಿಯ ಒಂದು ಮರಕ್ಕೂ ಕೊಡಲಿ ತಾಗಕೂಡದು.