ಮಂತ್ರಿ ಬಲಿಕೊಟ್ಟರೆ 7 ನಡೆಯಲ್ಲಿ ಗೆಲುವು ಖಚಿತವೇ?

"ಮಂತ್ರಿಯನ್ನು ಬಲಿಕೊಡಿ, 7 ನಡೆಯಲ್ಲಿ ಗೆಲ್ಲಿ" ಎನ್ನುವ ಚೆಸ್ ವಿಡಿಯೋ ನಿಮ್ಮ ಗ್ರೂಪಿಗೂ ಬಂದಿರಬಹುದು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ಮೇಲಕ್ಕೆ ಹೋಗುವ ಸಾರಿಗೆ ಬಸ್ಸಿಗೆ ಕಾಯುತ್ತಿದ್ದಾಗ, ಈಗಷ್ಟೇ ಆಟ ಕಲಿತ ನಮ್ಮ ಗೆಳೆಯರೊಬ್ಬರು ಅದನ್ನು ಮೊಬೈಲಿನಲ್ಲಿ ಪ್ರಯೋಗಿಸಿದರು. ಕುದುರೆ ಹೋಯಿತು, ಆಟವೂ ಹೋಯಿತು. ಆ್ಯಪ್ ಆ ನಡೆಯನ್ನು ತಪ್ಪು ಎಂದು ಗುರುತಿಸಿತು. "ನನಗೆ ಈ ಆಟಕ್ಕೆ ಬೇಕಾದ ಬುದ್ಧಿಯೇ ಇಲ್ಲ" ಎಂದರು. ಹಾಗಾದರೆ ವಿಡಿಯೋ ಸುಳ್ಳೇ?

ಅರ್ಧ ನಿಜ

ಈ ತಂತ್ರಕ್ಕೆ 18ನೇ ಶತಮಾನದ ಫ್ರೆಂಚ್ ಆಟಗಾರ ಲೆಗಾಲ್ ಅವರ ಹೆಸರಿದೆ. ಕಪ್ಪು ಒಂಟೆ ಜಿ4ಕ್ಕೆ ಬಂದು ಬಿಳಿಯ ಕುದುರೆಯನ್ನು ಕಟ್ಟಿಹಾಕಿರುತ್ತದೆ. ಕುದುರೆ ಸರಿದರೆ ಮಂತ್ರಿ ಸಿಗುತ್ತದೆ. ಆದರೂ ಬಿಳಿ ತನ್ನ ಕುದುರೆಯಿಂದ ಇ5ರ ಕಾಲಾಳನ್ನು ಹೊಡೆಯುತ್ತದೆ. ಕಪ್ಪು ಆಸೆಗೆ ಬಿದ್ದು ಮಂತ್ರಿಯನ್ನು ಹೊಡೆದರೆ, ಬಿಳಿಯ ಒಂಟೆ ಎಫ್7ರಲ್ಲಿ ಶಹ ಕೊಡುತ್ತದೆ. ರಾಜ ಇ7ಕ್ಕೆ ಹೋಗಲೇಬೇಕು. ಇನ್ನೊಂದು ಕುದುರೆ ಡಿ5ಕ್ಕೆ ಬಂದರೆ ಆಟ ಮುಗಿಯಿತು.

ಕಪ್ಪು ಮಂತ್ರಿಯನ್ನು ಮುಟ್ಟದೆ ಕಾಲಾಳಿನಿಂದ ಕುದುರೆಯನ್ನು ಹೊಡೆದರೂ ಬಿಳಿಗೆ ನಷ್ಟವಿಲ್ಲ. ಅದರ ಮಂತ್ರಿ ಜಿ4ರ ಒಂಟೆಯನ್ನು ಹೊಡೆದು ಒಂದು ಕಾಲಾಳು ಲಾಭ ಮಾಡಿಕೊಳ್ಳುತ್ತದೆ.

ನಮ್ಮ ಗೆಳೆಯರ ಆಟದಲ್ಲಿ ಒಂದೇ ವ್ಯತ್ಯಾಸ: ಕಪ್ಪು ಕುದುರೆ ಆಗಲೇ ಸಿ6ರಲ್ಲಿತ್ತು. ಅದೇ ಬಂದು ಇ5ರ ಕುದುರೆಯನ್ನು ಹೊಡೆಯಿತು, ಜೊತೆಗೆ ಜಿ4ರ ಒಂಟೆಗೂ ಕಾವಲಾಯಿತು. 3 ಅಂಕದ ಕುದುರೆ ಕೊಟ್ಟು ಸಿಕ್ಕಿದ್ದು 1 ಅಂಕದ ಕಾಲಾಳು. ಎದುರಾಳಿ ಎಡವಿದರೆ ಮಾತ್ರ ಗೆಲ್ಲುವುದು ಬಲಿಯಲ್ಲ, ಜೂಜು.

ಗುರುತುಗಳ ಅರ್ಥವೇನು?

ಆ್ಯಪ್ ಅಳೆಯುವುದು ಆ ನಡೆಯಿಂದ ಗೆಲ್ಲುವ ಸಾಧ್ಯತೆ ಎಷ್ಟು ಕುಸಿಯಿತು ಎಂಬುದನ್ನು, ನಿಮ್ಮ ಬುದ್ಧಿಯನ್ನಲ್ಲ. ಹೊಗಳಿಕೆಯನ್ನೂ ಅಷ್ಟೇ ಹಗುರವಾಗಿ ತೆಗೆದುಕೊಳ್ಳಿ: ಒಳ್ಳೆಯ ಬಲಿಗೆ 'ಬ್ರಿಲಿಯಂಟ್' ಗುರುತು ಕೊಡುವಾಗ ಹೊಸಬರ ವಿಷಯದಲ್ಲಿ ಉದಾರವಾಗಿರುತ್ತೇವೆ ಎಂದು ಚೆಸ್ ಡಾಟ್ ಕಾಮ್ ತಾನೇ ಹೇಳಿಕೊಂಡಿದೆ.

ಬುದ್ಧಿಯ ಮಾತಿಗೆ 1973ರಲ್ಲೇ ಉತ್ತರ ಸಿಕ್ಕಿದೆ. ಚೇಸ್ ಮತ್ತು ಸೈಮನ್ ಎಂಬ ಸಂಶೋಧಕರು ಆಟದ ಮಧ್ಯದ ಮಣೆಯನ್ನು ಕೆಲವೇ ಕ್ಷಣ ತೋರಿಸಿದಾಗ, ಪರಿಣತರು ಹೊಸಬರಿಗಿಂತ ತುಂಬಾ ಹೆಚ್ಚು ಕಾಯಿಗಳನ್ನು ನೆನಪಿಟ್ಟುಕೊಂಡರು. ಕಾಯಿಗಳನ್ನು ಮನಬಂದಂತೆ ಇಟ್ಟಾಗ ಆ ಮೇಲುಗೈ ಬಹುತೇಕ ಮಾಯವಾಯಿತು. ಅಂದರೆ ಪರಿಣತರ ಬಲ ಹುಟ್ಟಿನ ನೆನಪಿನ ಶಕ್ತಿಯಲ್ಲ, ಆಡಿ ಆಡಿ ಕಂಡುಕೊಂಡ ವಿನ್ಯಾಸಗಳು. ಚಾಮರಾಜನಗರಕ್ಕೆ ಆ ಹೆಸರಿಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರೂ (1794–1868) ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಬಾರಿ ನಡೆಸುವ ಹಲವು ಬಂಧಗಳನ್ನು ರಚಿಸಿದ್ದರು.

ಸೋತ ಆಟವನ್ನು ನೋಡುವುದು ಹೇಗೆ?

ಮೊದಲು ಕಂಪ್ಯೂಟರ್ ಸಹಾಯವಿಲ್ಲದೆ ನೋಡಿ. ಎಲ್ಲಿ ಎಡವಿದಿರಿ ಎಂದು ಊಹಿಸಿ, ಆಮೇಲೆ ಆ್ಯಪ್ ತೆರೆಯಿರಿ. ಲಿಚೆಸ್‌ನಲ್ಲಿ ಈ ವಿಶ್ಲೇಷಣೆ ಉಚಿತ. ಪ್ರತಿ ಬಲಿಗೂ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಎದುರಾಳಿ ಅತ್ಯುತ್ತಮ ಉತ್ತರ ಕೊಟ್ಟರೆ ನನಗೇನು ಉಳಿಯುತ್ತದೆ?

ಆ ವಿಡಿಯೋ ಫಾರ್ವರ್ಡ್ ಮಾಡುವುದಾದರೆ ಒಂದು ಸಾಲು ಸೇರಿಸಿ: "ಕಪ್ಪು ಕುದುರೆ ಸಿ6ರಲ್ಲಿದ್ದರೆ ಆಡಬೇಡಿ."