ಕಂಪ್ಯೂಟರ್‌ನಲ್ಲಿ ವಿಡಿಯೊ ತಡೆತಡೆದು ಓಡುತ್ತಿದೆಯೇ? ಎಲ್ಲದಕ್ಕೂ ನೆಟ್ ಕಾರಣವಲ್ಲ

ಮನೆಯ ಕಂಪ್ಯೂಟರ್‌ನಲ್ಲಿ ಮಕ್ಕಳ ಪಾಠದ ವಿಡಿಯೊ ಹಾಕಿದರೆ ಮೇಷ್ಟ್ರ ಧ್ವನಿ ಮುಂದೆ ಹೋಗುತ್ತದೆ, ಚಿತ್ರ ಹಿಂದೆ ಉಳಿಯುತ್ತದೆ. ಬೀದರ್ ನಗರವಿರಲಿ, ಭಾಲ್ಕಿ, ಔರಾದ್ ಕಡೆಯ ಊರುಗಳಿರಲಿ, ಆಗ ಬರುವ ಮೊದಲ ಮಾತು 'ನೆಟ್ ಸ್ಲೋ ಇದೆ'. ಎರಡನೆಯದು 'ಕಂಪ್ಯೂಟರ್ ಹಳೆಯದಾಯಿತು, ಹೊಸದು ತಗೊಳ್ಳಿ'. ಮೂರನೆಯದು ವಾಟ್ಸ್ಆ್ಯಪ್ ಫಾರ್ವರ್ಡ್: 'ಈ ಲಿಂಕ್ ಒತ್ತಿ, ಈ ಸಾಫ್ಟ್‌ವೇರ್ ಹಾಕಿಕೊಳ್ಳಿ, ಎಲ್ಲ ಸರಿಹೋಗುತ್ತದೆ'. ಮೊದಲ ಎರಡು ಮಾತು ಕೆಲವೊಮ್ಮೆ ನಿಜ. ಮೂರನೆಯದು ಅಪಾಯಕಾರಿ.

ವಿಡಿಯೊ ಓಡುವುದು ಹೇಗೆ?

ವಿಡಿಯೊ ಎಂದರೆ ಸರಸರನೆ ಬದಲಾಗುವ ಚಿತ್ರಗಳ ಸಾಲು. ಸೆಕೆಂಡಿಗೆ 30 ಚಿತ್ರಗಳ ವಿಡಿಯೊ ಆದರೆ ಒಂದೊಂದು ಚಿತ್ರ ತಯಾರಾಗಲು ಸಿಗುವುದು ಸುಮಾರು 33 ಮಿಲಿಸೆಕೆಂಡ್ ಮಾತ್ರ. ಇಲ್ಲಿ ಎರಡು ಕೆಲಸಗಳಿವೆ. ಒತ್ತಿ ಚಿಕ್ಕದು ಮಾಡಿದ ಡೇಟಾ ನೆಟ್ ಮೂಲಕ ಮನೆಗೆ ಬರಬೇಕು. ಬಂದದ್ದನ್ನು ಕಂಪ್ಯೂಟರ್ ಬಿಡಿಸಿ ಚಿತ್ರ ಮಾಡಬೇಕು. ಸಂತೆಯಿಂದ ಜೋಳ ಬರುವುದು ಒಂದು ಕೆಲಸ, ಬೀಸಿ ರೊಟ್ಟಿ ಬಡಿಯುವುದು ಇನ್ನೊಂದು. ಯಾವುದು ತಡವಾದರೂ ಊಟ ತಡವೇ. ಆದರೆ ರೊಟ್ಟಿ ಬಡಿಯುವ ಕೈ ಸೋತಿದ್ದರೆ ಇನ್ನೊಂದು ಚೀಲ ಜೋಳ ತಂದು ಪ್ರಯೋಜನವಿಲ್ಲ.

ತಪ್ಪು ಯಾರದು ಎಂದು ಗುರುತಿಸಿ

ಧ್ವನಿ, ಚಿತ್ರ ಎರಡೂ ನಿಂತು ಪರದೆಯ ಮಧ್ಯೆ ವೃತ್ತ ಸುತ್ತುತ್ತಿದ್ದರೆ ಸಾಮಾನ್ಯವಾಗಿ ತೊಂದರೆ ನೆಟ್‌ನದು. ಧ್ವನಿ ಸರಿಯಾಗಿ ಬಂದು ಚಿತ್ರ ಮಾತ್ರ ಕುಂಟುತ್ತಿದ್ದರೆ ತೊಂದರೆ ಹೆಚ್ಚಾಗಿ ಕಂಪ್ಯೂಟರ್‌ನದು.

ಇನ್ನೂ ಖಚಿತವಾಗಿ ತಿಳಿಯಲು ಯೂಟ್ಯೂಬ್ ವಿಡಿಯೊ ಮೇಲೆ ಮೌಸ್‌ನ ಬಲ ಗುಂಡಿ ಒತ್ತಿ, 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಆರಿಸಿ. ಅಲ್ಲಿ 'ಬಫರ್ ಹೆಲ್ತ್' ಸೊನ್ನೆಗೆ ಇಳಿಯುತ್ತಿದ್ದರೆ ಡೇಟಾ ಬರುತ್ತಿಲ್ಲ ಎಂದರ್ಥ. 'ಡ್ರಾಪ್ಡ್ ಫ್ರೇಮ್ಸ್' ಸಂಖ್ಯೆ ಏರುತ್ತಲೇ ಇದ್ದರೆ ಡೇಟಾ ಬಂದಿದೆ, ಕಂಪ್ಯೂಟರ್‌ಗೆ ಬಿಡಿಸಲು ಆಗುತ್ತಿಲ್ಲ.

ನೆಟ್ ಎಷ್ಟು ಬೇಕು?

1080ಪಿ ವಿಡಿಯೊಗೆ 5 ಎಂಬಿಪಿಎಸ್ ಸಾಕು, 4ಕೆ ವಿಡಿಯೊಗೆ 15 ಬೇಕು ಎನ್ನುತ್ತದೆ ನೆಟ್‌ಫ್ಲಿಕ್ಸ್. ಮನೆಗೆ ನಿಜವಾಗಿ 30 ಎಂಬಿಪಿಎಸ್ ಬರುತ್ತಿದ್ದರೆ, ಒಂದು ಪಾಠದ ವಿಡಿಯೊಗಾಗಿ 100ರ ಪ್ಲಾನ್ ಕೊಳ್ಳುವುದು ದುಂದು. ರೂಟರ್‌ನಿಂದ ಕಂಪ್ಯೂಟರ್‌ವರೆಗೆ ವೈಫೈ ಸರಿಯಾಗಿ ಬರುತ್ತಿದೆಯೇ ಎಂದು ಮೊದಲು ನೋಡಿ. ದಪ್ಪ ಕಲ್ಲಿನ ಗೋಡೆಯ ಹಳೆಯ ಮನೆಗಳಲ್ಲಿ ಸಿಗ್ನಲ್ ಸೊರಗುತ್ತದೆ. ರೂಟರ್‌ನಿಂದ ನೇರ ಕೇಬಲ್ ಹಾಕಿ ನೋಡಿದರೆ ಉತ್ತರ ಸಿಗುತ್ತದೆ.

ಕಂಪ್ಯೂಟರ್ ಸೋಲುವುದು ಏಕೆ?

ಮೊದಲ ಕಾರಣ ವಿಡಿಯೊದ ಸ್ವರೂಪ, ಅಂದರೆ ಕೋಡೆಕ್. 2003ರ ಎಚ್.264 ಹಳೆಯ ಯಂತ್ರಗಳಿಗೂ ಸುಲಭ. ನಂತರ ಬಂದ ವಿಪಿ9 ಮತ್ತು 2018ರ ಎವಿ1 ಕಡಿಮೆ ಡೇಟಾದಲ್ಲೇ ಅಷ್ಟೇ ಚೆಂದದ ಚಿತ್ರ ಕೊಡುತ್ತವೆ, ಆದರೆ ಬಿಡಿಸುವ ಕೆಲಸ ಹೆಚ್ಚು. ಎವಿ1 ಬಿಡಿಸುವ ವಿಶೇಷ ಭಾಗ ಇಂಟೆಲ್ ಲ್ಯಾಪ್‌ಟಾಪ್‌ಗಳಿಗೆ ಬಂದದ್ದು 2020ರ 11ನೇ ಪೀಳಿಗೆಯ ಚಿಪ್‌ನಲ್ಲಿ. ಅದಿಲ್ಲದ ಯಂತ್ರದಲ್ಲಿ ಸಿಪಿಯು ಒಂದೇ ಎಲ್ಲ ಭಾರ ಹೊರಬೇಕು. ಪರಿಹಾರಕ್ಕೆ ಖರ್ಚಿಲ್ಲ: ವಿಡಿಯೊ ಗುಣಮಟ್ಟವನ್ನು 720 ಅಥವಾ 480ಕ್ಕೆ ಇಳಿಸಿ. ಬ್ರೌಸರ್ ಸೆಟ್ಟಿಂಗ್ಸ್‌ನ 'ಸಿಸ್ಟಮ್' ವಿಭಾಗದಲ್ಲಿ ಗ್ರಾಫಿಕ್ಸ್ ಆಕ್ಸಿಲರೇಷನ್ ಆಫ್ ಆಗಿದ್ದರೆ ಆನ್ ಮಾಡಿ.

ಎರಡನೆಯದು ಬಿಸಿ ಮತ್ತು ಧೂಳು. ಬೀದರ್ ಸುತ್ತ ಜಂಬಿಟ್ಟಿಗೆಯ ಕೆಂಪು ಧೂಳು, ಭಾಲ್ಕಿ, ಔರಾದ್ ಕಡೆ ಎರೆಮಣ್ಣಿನ ಧೂಳು. ಅದು ಫ್ಯಾನಿನ ರೆಕ್ಕೆಗೆ, ಗಾಳಿಕಿಂಡಿಗೆ ಅಂಟಿ ಬಿಸಿಗಾಳಿ ಹೊರಹೋಗದಂತೆ ತಡೆಯುತ್ತದೆ. ಬಿಸಿಲು 40 ಡಿಗ್ರಿ ಮುಟ್ಟುವ ದಿನಗಳಲ್ಲಿ ಚಿಪ್ ಸುಟ್ಟುಹೋಗದಿರಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬೆಳಿಗ್ಗೆ ಸರಿಯಾಗಿ ಓಡಿದ ವಿಡಿಯೊ ಮಧ್ಯಾಹ್ನ ಕುಂಟಿದರೆ ಇದನ್ನು ಶಂಕಿಸಿ. ಯಂತ್ರ ಆಫ್ ಮಾಡಿ ಧೂಳು ತೆಗೆಸಿ. ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬಿನ ಮೇಲೆ ಇಡಬೇಡಿ.

ಮೂರನೆಯದು ಕರೆಂಟ್. ಕರೆಂಟ್ ಹೋದ ಕೂಡಲೇ ಅನೇಕ ಲ್ಯಾಪ್‌ಟಾಪ್‌ಗಳು ಬ್ಯಾಟರಿ ಉಳಿಸಲು ವೇಗ ತಗ್ಗಿಸುತ್ತವೆ. ಚಾರ್ಜರ್ ಹಾಕಿದಾಗ ಸರಿಯಾದರೆ ಯಂತ್ರ ಕೆಟ್ಟಿಲ್ಲ, ಪವರ್ ಸೆಟ್ಟಿಂಗ್ ನೋಡಿ.

ನಾಲ್ಕನೆಯದು ಹಿಂದೆ ಓಡುತ್ತಿರುವ ಬೇರೆ ಕೆಲಸಗಳು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಿಪಿಯು ಅಥವಾ ಮೆಮೊರಿ 90-100 ಶೇಕಡಾದಲ್ಲಿ ನಿಂತಿದ್ದರೆ ಬೇಡದ ಟ್ಯಾಬ್, ಪ್ರೋಗ್ರಾಂ ಮುಚ್ಚಿ.

ಫಾರ್ವರ್ಡ್‌ಗಳು ಹೇಳುವುದು ನಿಜವೇ?

'ರ‍್ಯಾಮ್ ಬೂಸ್ಟರ್ ಹಾಕಿ': ಸಾಫ್ಟ್‌ವೇರ್‌ನಿಂದ ರ‍್ಯಾಮ್ ಹೆಚ್ಚಾಗುವುದಿಲ್ಲ. ಬೂಸ್ಟರ್ ತಾನೇ ಇನ್ನಷ್ಟು ಮೆಮೊರಿ ತಿನ್ನುತ್ತದೆ.

'ವಿಂಡೋಸ್ 10 ನಿಂತಿದೆ, ಅದಕ್ಕೇ ವಿಡಿಯೊ ಕುಂಟುತ್ತಿದೆ': ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ನಿಲ್ಲಿಸಿದ್ದು ನಿಜ. ಅದು ಸುರಕ್ಷತೆಯ ವಿಷಯ. ಅದರಿಂದ ವಿಡಿಯೊ ನಿಧಾನವಾಗುವುದಿಲ್ಲ.

'ಈ ಲಿಂಕ್‌ನಿಂದ ಕೋಡೆಕ್ ಇಳಿಸಿಕೊಳ್ಳಿ': ಒತ್ತಬೇಡಿ. ವೈರಸ್ ಹರಡುವವರ ಹಳೆಯ ದಾರಿ ಇದು. ಉಚಿತವಾದ ವಿಎಲ್‌ಸಿ ಪ್ಲೇಯರ್‌ನಲ್ಲಿ ಬೇಕಾದ ಬಹುತೇಕ ಕೋಡೆಕ್‌ಗಳು ಇದ್ದೇ ಇರುತ್ತವೆ. ಅದನ್ನೂ ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಪಾಠ ನೋಡುವ ಅದೇ ಕಂಪ್ಯೂಟರ್‌ನಲ್ಲಿ ಮನೆಯವರ ಬ್ಯಾಂಕ್ ಪಾಸ್‌ವರ್ಡ್, ಆಧಾರ್ ಪ್ರತಿ ಇರುತ್ತವೆ ಎಂಬುದು ನೆನಪಿರಲಿ. ರಿಪೇರಿ ಮಾಡುತ್ತೇವೆ ಎಂದು ಅಪರಿಚಿತರು ಕರೆ ಮಾಡಿ, ನಿಮ್ಮ ಪರದೆ ನೋಡುವ ಆ್ಯಪ್ ಹಾಕಿಸಿದರೆ ಒಪ್ಪಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇಷ್ಟೆಲ್ಲ ನೋಡಿದ ಮೇಲೂ 480ರ ವಿಡಿಯೊ ಕೂಡ ಓಡದಿದ್ದರೆ ಆಗ ರಿಪೇರಿ ಅಂಗಡಿಗೆ ಹೋಗಿ. ಧ್ವನಿ ನಿಲ್ಲುತ್ತದೆಯೇ, ಚಿತ್ರ ಮಾತ್ರ ನಿಲ್ಲುತ್ತದೆಯೇ, ಯಾವ ಹೊತ್ತಿನಲ್ಲಿ ಹೀಗಾಗುತ್ತದೆ ಎಂದು ಅಲ್ಲಿ ಹೇಳಿ. ಅರ್ಧ ರಿಪೇರಿ ಆ ಮಾತಿನಲ್ಲೇ ಮುಗಿದಿರುತ್ತದೆ.