ಎಲೆ ನಮ್ಮ ತೋಟದ್ದು, ಲೇಖನಕ್ಕೆ ಬೀಗ ಯಾಕೆ?

ಅಡಿಕೆಗೆ ಎಲೆಚುಕ್ಕಿ ರೋಗ ಜೋರಾದ ವರ್ಷ ನಮ್ಮೂರಿಗೆ ಸಂಶೋಧಕರು ಬಂದಿದ್ದರು. ರೋಗದ ಎಲೆ ಕಿತ್ತುಕೊಂಡರು, ಮಣ್ಣು ತುಂಬಿಕೊಂಡರು, ಯಾವ ಔಷಧಿ ಎಷ್ಟು ಸಲ ಹೊಡೆದಿರಿ ಎಂದು ಬರೆದುಕೊಂಡರು. ಎರಡು ವರ್ಷ ಬಿಟ್ಟು ಅವರ ಲೇಖನ ಬಂದಿದೆ ಎಂದು ತಿಳಿದು ಮೊಬೈಲಿನಲ್ಲಿ ಹುಡುಕಿದೆವು. ಸಿಕ್ಕಿದ್ದು ಹತ್ತು ಸಾಲಿನ ಸಾರಾಂಶ. ಪೂರ್ತಿ ಓದಲು 35 ಡಾಲರ್ ಕಟ್ಟಬೇಕಂತೆ. ಅಂದರೆ ಸುಮಾರು ಮೂರು ಸಾವಿರ ರೂಪಾಯಿ!

ಸಂಶೋಧಕರು ಕೆಟ್ಟವರು ಅಂತ ನಾವು ಹೇಳುತ್ತಿಲ್ಲ. ಆದರೆ ಲೇಖನವನ್ನು ಎಲ್ಲಿ ಹಾಕುತ್ತಾರೋ, ಅದರ ಮೇಲೆಯೇ ಅದನ್ನು ಯಾರು ಓದಬಹುದು ಎನ್ನುವುದೂ ತೀರ್ಮಾನವಾಗುತ್ತದೆ. ಈ ಆಯ್ಕೆ ಅವರ ಕೈಯಲ್ಲೇ ಇದೆ.

"ದೊಡ್ಡ ಜರ್ನಲ್‌ನಲ್ಲಿ ಬಂದರೆ ಮಾತ್ರ ಬಡ್ತಿ" ಎನ್ನುತ್ತಾರೆ. ಸರಿ, ಅಲ್ಲೇ ಹಾಕಲಿ. ಆದರೆ ಒಪ್ಪಿಗೆಯಾದ ತಮ್ಮ ಬರಹದ ಪ್ರತಿಯನ್ನು, ಕೆಲವು ತಿಂಗಳು ಕಾದಾದರೂ, ಮುಕ್ತ ಭಂಡಾರದಲ್ಲಿಡಲು ಎಷ್ಟೋ ಪ್ರಕಾಶಕರು ಬಿಡುತ್ತಾರೆ. ಭೌತವಿಜ್ಞಾನಿಗಳು 1991ರಿಂದಲೂ ಆರ್ಕೈವ್ ಎಂಬ ತಾಣದಲ್ಲಿ ಹೀಗೆ ಹಂಚಿಕೊಳ್ಳುತ್ತಿದ್ದಾರೆ. ಯಾವ ವಿಷಯದ ಲೇಖನ, ಅಂಕಿಅಂಶವನ್ನಾದರೂ ಇಡಲು ಝೆನೊಡೊ ಇದೆ. ನಮ್ಮ ದೇಶದ್ದೇ ಶೋಧಗಂಗಾದಲ್ಲಿ ಪಿಎಚ್‌.ಡಿ. ಪ್ರಬಂಧಗಳನ್ನು ಯಾರು ಬೇಕಾದರೂ ಓದಬಹುದು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವಿಜ್ಞಾನ ಇಲಾಖೆ, ತಮ್ಮ ಹಣದ ಸಂಶೋಧನೆಯನ್ನು ಮುಕ್ತವಾಗಿಡಬೇಕು ಎಂದು 2014ರಲ್ಲೇ ನೀತಿ ಮಾಡಿವೆ. ದಾರಿ ಇದೆ, ನಡೆಯುವವರು ಕಡಿಮೆ.

ಈಗ 'ಒಂದು ದೇಶ ಒಂದು ಚಂದಾ' ಯೋಜನೆ ಬಂದಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಸರ್ಕಾರಿ ಕಾಲೇಜಿನ ಮಕ್ಕಳಿಗೆ ಒಳ್ಳೆಯದೇ ಆಯಿತು. ಆದರೆ ತೆರಿಗೆ ಕಟ್ಟುವ ರೈತ, ಊರಿನ ಆಶಾ ಕಾರ್ಯಕರ್ತೆ ಆ ಪಟ್ಟಿಯಲ್ಲಿಲ್ಲ. ನಮ್ಮ ದುಡ್ಡಲ್ಲಿ ಬೀಗದ ಬಾಡಿಗೆ ಕಟ್ಟಿದ್ದಾರೆ, ಬೀಗ ಹಾಗೇ ಇದೆ.

ಬೀಗ ತೆಗೆದರೂ ಒಳಗಿರುವುದು ಇಂಗ್ಲಿಷ್. ಹಾಗಾಗಿ ಕನ್ನಡದಲ್ಲಿ ಒಂದು ಪುಟವಾದರೂ ಬೇಕು. ಅದನ್ನು ಊರಿನ ವಾಟ್ಸಾಪ್ ಗ್ರೂಪಿಗೆ ಕಳಿಸಿದರೆ ಮಾತ್ರ ಸಾಲದು. ವಾಟ್ಸಾಪ್ ತಲುಪಿಸುತ್ತದೆ, ಕಾಪಾಡುವುದಿಲ್ಲ. ವಾರದಲ್ಲಿ ಶುಭೋದಯಗಳ ಅಡಿ ಸೇರಿಹೋಗುತ್ತದೆ. ಪುಟ ಭಂಡಾರದಲ್ಲಿರಲಿ, ಲಿಂಕ್ ಗ್ರೂಪಿಗೆ ಬರಲಿ.

ಇನ್ನು ಮುಂದೆ ಯಾರಾದರೂ ಸಂಶೋಧನೆಗೆಂದು ತೋಟಕ್ಕೆ ಬಂದರೆ ಕಾಫಿ ಕೊಡಿ, ಎಲೆಯನ್ನೂ ಕೊಡಿ. ಅದಕ್ಕೂ ಮೊದಲು ಕೇಳಿ: "ಸರ್, ಇದರ ಲೇಖನ ಎಲ್ಲಿ ಹಾಕ್ತೀರಿ? ನಮ್ಮ ಫೋನಲ್ಲಿ ದುಡ್ಡಿಲ್ಲದೆ ತೆರೆಯುತ್ತಾ? ಕನ್ನಡದಲ್ಲಿ ಒಂದು ಪುಟ ಬರೆದುಕೊಡ್ತೀರಾ?"

ನಾವಂತೂ ಕೇಳಲು ಶುರು ಮಾಡಿದ್ದೇವೆ. ನೀವೂ ಕೇಳಿ.